ಬಾಗಿಲ ಹೊರಗಿನ ಪಂಪು

ಪಂಕ್ಚರ್ ಹಾಕುವುದು, ಬ್ರೇಕ್ ಬಿಗಿ ಮಾಡುವುದು, ತುಂಡಾದ ಚೈನು ಕೂಡಿಸುವುದು. ಸೈಕಲ್ ಅಂಗಡಿಯ ಕೆಲಸವೆಂದರೆ ಇಷ್ಟೇ ಎಂದುಕೊಳ್ಳುತ್ತೇವೆ. ಆದರೆ ಆ ಕೆಲಸದಿಂದ ಒಬ್ಬಳ ಶಾಲೆ ತಪ್ಪುವುದಿಲ್ಲ, ಒಬ್ಬನ ದಿನಗೂಲಿ ಹೋಗುವುದಿಲ್ಲ, ಇನ್ನೊಬ್ಬನ ಪರೀಕ್ಷೆ ಕೈತಪ್ಪುವುದಿಲ್ಲ. ಧಾರವಾಡದ ಇಂಥ ಒಂದು ಅಂಗಡಿಯ ಒಂದು ವಾರ ಇಲ್ಲಿದೆ.

ಧಾರವಾಡದ ಸಪ್ತಾಪುರದ ಕಡೆ ಬೆಳಿಗ್ಗೆ ಹೊತ್ತು ನಡೆದು ಹೋದರೆ ಎಲ್ಲೆಲ್ಲೂ ಓದುವ ಹುಡುಗರೇ ಕಾಣುತ್ತಾರೆ. ಬೆಳಗಾವಿ, ವಿಜಯಪುರ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಿಂದ ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗಲು ಬಂದವರು. ಬಾಡಿಗೆ ಕೋಣೆ, ಮೆಸ್ಸಿನ ಊಟ, ಕೋಚಿಂಗ್ ಶುಲ್ಕ ಇಷ್ಟಕ್ಕೇ ಮನೆಯಿಂದ ಬರುವ ದುಡ್ಡು ಮುಗಿದುಹೋಗುತ್ತದೆ. ಓಡಾಟಕ್ಕೆ ಅವರ ಬಳಿ ಇರುವುದು ಒಂದು ಹಳೆಯ ಸೈಕಲ್. ಆ ಸೈಕಲ್ಲುಗಳೆಲ್ಲ ಒಂದಲ್ಲ ಒಂದು ದಿನ ಬಂದು ನಿಲ್ಲುವ ಅಂಗಡಿಯೊಂದು ಅಲ್ಲೇ ಒಂದು ತಿರುವಿನಲ್ಲಿದೆ. ತಗಡಿನ ಮಾಡು, ಗೋಡೆಗೆ ನೇತುಹಾಕಿದ ಹಳೆಯ ಟೈರು, ಮೂಲೆಯಲ್ಲಿ ನೀರಿನ ಬಾನಿ, ಗ್ರೀಸು ಹತ್ತಿ ಕಪ್ಪಾದ ಒಂದು ಬೆಂಚು. ಬಾಗಿಲ ಹೊರಗೆ, ಯಾರು ಬೇಕಾದರೂ ಕೈ ಹಾಕುವಂತೆ, ಕಾಲಿನಿಂದ ಒತ್ತಿ ಹಿಡಿದು ಹೊಡೆಯುವ ಒಂದು ದೊಡ್ಡ ಪಂಪು.

ಯಜಮಾನರನ್ನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಕರೆಯುವುದು ‘ಕಾಕಾ’ ಎಂದೇ. ಪಂಪಿನ ಗಾಳಿಗೆ ಅವರು ಯಾರಿಂದಲೂ ದುಡ್ಡು ತೆಗೆದುಕೊಂಡಿಲ್ಲ. ಮಧ್ಯಾಹ್ನ ಊಟಕ್ಕೆ ಹೋಗುವಾಗ ಕದ ಹಾಕುತ್ತಾರೆ, ಪಂಪು ಮಾತ್ರ ಹೊರಗೇ ಇರುತ್ತದೆ. ಹೆಸರು ಬರೆಯಲೇ ಎಂದು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. “ಹೆಸರು ಬ್ಯಾಡ್ರಿ, ಕೆಲಸದ ಬಗ್ಗೆ ಬರೀರಿ” ಎಂದರು. ಅವರ ಮಾತಿನಂತೆ ಇದು ಕೆಲಸದ ಬಗ್ಗೆಯೇ ಇರುವ ಬರಹ. ಕೆಲವು ದಿನ ಆ ಬೆಂಚಿನ ಮೇಲೆ ಕೂತು ನೋಡಿದ ಮೇಲೆ ನನಗೆ ಒಂದು ಮಾತು ಖಾತ್ರಿಯಾಗಿದೆ. ಇಲ್ಲಿ ಉಪಕಾರವೆನ್ನುವುದು ಕಸುಬಿನಿಂದ ಬೇರೆಯಾಗಿಲ್ಲ. ಕಸುಬನ್ನು ನೆಟ್ಟಗೆ ಮಾಡುವುದರಲ್ಲೇ ಅದು ಸೇರಿಕೊಂಡಿದೆ.

ಸೋಮವಾರ: ಪಂಕ್ಚರ್ ಅಲ್ಲದ ಪಂಕ್ಚರ್

ಸೋಮವಾರ ಬೆಳಿಗ್ಗೆ ಅಂಗಡಿಗೆ ಜನ ಹೆಚ್ಚು. ಶನಿವಾರ ಮಧ್ಯಾಹ್ನ ಗೋಡೆಗೆ ಆನಿಸಿಟ್ಟ ಸೈಕಲ್ಲನ್ನು ಮಕ್ಕಳು ಮತ್ತೆ ಮುಟ್ಟುವುದು ಅವತ್ತೇ. ಗಾಳಿ ಇಳಿದದ್ದು ಗೊತ್ತಾಗುವುದೂ ಆಗಲೇ. ಹೈಸ್ಕೂಲಿನ ಹುಡುಗಿಯೊಬ್ಬಳು ಸೈಕಲ್ ತಳ್ಳಿಕೊಂಡು ಏದುಸಿರು ಬಿಡುತ್ತಾ ಬಂದಳು. “ಕಾಕಾ, ಪಂಕ್ಚರ್ ಆಗೇತ್ರಿ. ಲಗೂನ ಹಾಕ್ರಿ, ಪ್ರಾರ್ಥನಾಕ ಹೊತ್ತಾತು.”

ಕಾಕಾ ಟೈರಿಗೆ ಕೈ ಹಚ್ಚಲೇ ಇಲ್ಲ. ಬೆರಳನ್ನು ಬಾನಿಯಲ್ಲಿ ಅದ್ದಿ ವಾಲಿನ ಬಾಯಿಗೆ ಒಂದು ಹನಿ ನೀರು ಮುಟ್ಟಿಸಿದರು. ಸಣ್ಣ ಗುಳ್ಳೆಯೊಂದು ಉಬ್ಬಿ ಒಡೆಯಿತು. “ಪಂಕ್ಚರ್ ಅಲ್ಲ ತಂಗಿ, ವಾಲ್ ಟ್ಯೂಬ್ ಹೋಗೇತಿ” ಎನ್ನುತ್ತಾ ಹಿತ್ತಾಳೆಯ ಮುಚ್ಚಳ ತಿರುವಿ, ಒಳಗಿನ ಕಡ್ಡಿ ಹೊರಗೆಳೆದು, ಬಿರುಕುಬಿಟ್ಟ ರಬ್ಬರಿನ ಕೊಳವೆಯನ್ನು ಉಗುರಿನಿಂದ ಕಿತ್ತು, ಹೊಸ ತುಂಡನ್ನು ನೀರಲ್ಲಿ ಅದ್ದಿ ಏರಿಸಿದರು. ಹುಡುಗಿಯೇ ಪಂಪು ಹೊಡೆದುಕೊಂಡಳು. ಅವಳು ಹೊರಟಾಗ ಪ್ರಾರ್ಥನೆಗೆ ಇನ್ನೂ ಹೊತ್ತಿತ್ತು.

ಗಾಳಿ ತುಂಬಿದ ಟೈರು ಜನಬಳಕೆಗೆ ಬಂದದ್ದು 1888ರ ನಂತರ. ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಅದನ್ನು ಮಾಡಿಕೊಟ್ಟಿದ್ದ. ನಮ್ಮ ಕರಿ ಸೈಕಲ್ಲಿನ ವಾಲಿಗೆ ಇವತ್ತಿಗೂ ಅವನದೇ ಹೆಸರು. ಕಡ್ಡಿಯ ಪಕ್ಕದಲ್ಲೊಂದು ತೂತು, ತೂತಿನ ಮೇಲೆ ಆ ರಬ್ಬರಿನ ಕೊಳವೆ. ಪಂಪಿನ ಗಾಳಿ ರಬ್ಬರನ್ನು ಎಬ್ಬಿಸಿಕೊಂಡು ಒಳಗೆ ಹೋಗುತ್ತದೆ. ಒಳಗಿನ ಗಾಳಿ ಅದೇ ರಬ್ಬರನ್ನು ಒತ್ತಿ ಬಾಯಿ ಮುಚ್ಚಿಸುತ್ತದೆ. ಬಿಸಿಲಿಗೆ, ವಯಸ್ಸಿಗೆ ರಬ್ಬರು ಸತ್ತಾಗ ಗಾಳಿ ಸೋರುತ್ತದೆ, ನೋಡಿದವರಿಗೆ ಪಂಕ್ಚರ್ ಎಂದೇ ಅನಿಸುತ್ತದೆ. ಪಂಕ್ಚರಿನ ಕೂಲಿಯ ಮುಂದೆ ಆ ರಬ್ಬರಿನ ಬೆಲೆ ಏನೇನೂ ಅಲ್ಲ. ಟ್ಯೂಬು ಹೊರಗೆ ತೆಗೆದು ಒಂದು ಪ್ಯಾಚ್ ಅಂಟಿಸಿ ಪಂಕ್ಚರಿನ ದುಡ್ಡು ಕೇಳಿದ್ದರೆ ಆ ಹುಡುಗಿಗೆ ಗೊತ್ತಾಗುತ್ತಲೇ ಇರಲಿಲ್ಲ. ಗಿರಾಕಿಗೆ ಗೊತ್ತಾಗದ ಕಡೆ ನಿಜ ಹೇಳುವುದು ಈ ಅಂಗಡಿಯಲ್ಲಿ ದಿನವೂ ನಡೆಯುವ ಮೊದಲ ಉಪಕಾರ.

ಸೈಕಲ್ ಕೊಟ್ಟರೆ ಸಾಲದು

ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006-07ರಲ್ಲಿ ಶುರು ಮಾಡಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ ಸಿಕ್ಕಿತು. ಹೈಸ್ಕೂಲು ದೂರವಾಯಿತು ಎಂಬ ಒಂದೇ ಕಾರಣಕ್ಕೆ ಏಳನೆಯ ತರಗತಿಗೆ ಓದು ನಿಲ್ಲಿಸುತ್ತಿದ್ದ ಹುಡುಗಿಯರು ಗುಂಪುಗುಂಪಾಗಿ ಸೈಕಲ್ ತುಳಿಯುತ್ತಾ ಹೋಗುವುದು ಹಳ್ಳಿಯ ದಾರಿಗಳಲ್ಲಿ ಸಾಮಾನ್ಯವಾಯಿತು. ಅದೇ ಕಾಲಕ್ಕೆ ಬಿಹಾರದಲ್ಲಿ ಶುರುವಾದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಭ್ಯಾಸ ಮಾಡಿದ್ದಾರೆ. ಪ್ರೌಢಶಾಲೆಗೆ ಸರಿಯಾದ ವಯಸ್ಸಿನಲ್ಲಿ ಸೇರುವ ಹುಡುಗಿಯರ ಪ್ರಮಾಣ ಸೈಕಲ್ಲಿನಿಂದಾಗಿ ಶೇ 32ರಷ್ಟು ಏರಿತು ಎಂದು ಅವರು ಕಂಡುಕೊಂಡರು. ನಮ್ಮಲ್ಲಿ ಕೊರೊನಾ ಕಾಲದಲ್ಲಿ ಸೈಕಲ್ ವಿತರಣೆ ನಿಂತುಹೋಯಿತು.

ಸರ್ಕಾರ ಸೈಕಲ್ ಕೊಟ್ಟಿತು, ನಿಜ. ಆದರೆ ಅದು ಎರಡು ವರ್ಷ, ಮೂರು ವರ್ಷ ಓಡುವಂತೆ ನೋಡಿಕೊಂಡವರು ಯಾರು? ಶಾಲೆಯ ಅಂಗಳದಲ್ಲೇ ಜೋಡಿಸಿ ಕೊಡುತ್ತಿದ್ದ ಆ ಸೈಕಲ್ಲುಗಳು ವಾರದೊಳಗೆ ತಮ್ಮ ಅಂಗಡಿಗೆ ಬರುತ್ತಿದ್ದುದನ್ನು ಕಾಕಾ ನೆನೆಯುತ್ತಾರೆ. “ನಟ್ಟು ಎಲ್ಲಾ ಕೈಯಾಗ ತಿರುಗತಿದ್ದೂರಿ. ಹುಡುಗ್ಯಾರು ಹಂಗ ತುಳಕೋತ ಬರ್ತಿದ್ರು. ನಾ ಮೊದಲ ಹ್ಯಾಂಡಲ್ ನೋಡ್ತಿದ್ದೆ, ಆಮ್ಯಾಲೆ ಗಾಲಿ.” ಹೀಗೆ ಪಾನಾ ಹಿಡಿದು ಎಲ್ಲವನ್ನೂ ಒಂದು ಸುತ್ತು ಬಿಗಿ ಮಾಡಿ ಕಳಿಸುವುದಕ್ಕೆ ಅವರು ಆ ಮಕ್ಕಳ ಹತ್ತಿರ ಏನೂ ಕೇಳುತ್ತಿರಲಿಲ್ಲ. ಒಂದು ಯೋಜನೆ ಕಾಗದದಿಂದ ಇಳಿದು ರಸ್ತೆಯ ಮೇಲೆ ಓಡಬೇಕಾದರೆ ನಡುವೆ ಇಂಥ ಕೈಗಳು ಬೇಕು. ಯೋಜನೆಯ ವೆಚ್ಚದ ಪಟ್ಟಿಯಲ್ಲಿ ಆ ಕೈಗಳ ಲೆಕ್ಕ ಇರುವುದಿಲ್ಲ.

ಬುಧವಾರ: ಸೊಲ್ಯೂಷನ್ ಒಣಗುವ ಹೊತ್ತು

ಧಾರವಾಡದ ಮಳೆ ಧೋ ಎಂದು ಸುರಿದು ಹೋಗುವಂಥದ್ದಲ್ಲ. ಹಿಡಿದರೆ ಜಿಟಿಜಿಟಿ ಎಂದು ದಿನಗಟ್ಟಲೆ ಹಿಡಿಯುತ್ತದೆ. ಬುಧವಾರ ಅಂಥ ಮಳೆಯಲ್ಲೇ ಕಾಲೇಜು ಹುಡುಗನೊಬ್ಬ ಹಿಂದಿನ ಗಾಲಿ ಪಂಕ್ಚರಾಗಿದೆಯೆಂದು ಬಂದ. ಈ ಸಲ ನಿಜವಾದ ಪಂಕ್ಚರ್.

ಎರಡು ಲಿವರ್ ಹಾಕಿ ಟೈರಿನ ಒಂದು ಅಂಚು ಎಬ್ಬಿಸಿ, ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ಬಾನಿಯಲ್ಲಿ ಗೇಣುಗೇಣಾಗಿ ಮುಳುಗಿಸುತ್ತಾ ಹೋದರು. ಒಂದು ಕಡೆ ಗುಳ್ಳೆಗಳು ಸಾಲುಗಟ್ಟಿ ಎದ್ದವು. ಅಲ್ಲಿ ಒರೆಸಿ, ಮರಳು ಕಾಗದದಿಂದ ಉಜ್ಜಿ ದೊರಗು ಮಾಡಿ, ತುದಿಬೆರಳಿನಿಂದ ಸೊಲ್ಯೂಷನ್ ಸವರಿದರು. ಇನ್ನು ಕಾಯಬೇಕು. ಸೊಲ್ಯೂಷನ್ ಹಸಿಯಿದ್ದಾಗಲೇ ಪ್ಯಾಚ್ ಕೂಡಿಸಿದರೆ ಒಳಗಿನ ದ್ರಾವಕಕ್ಕೆ ಆರಲು ದಾರಿಯಿಲ್ಲದೆ ಅದು ಮರುದಿನವೇ ಎದ್ದುಬರುತ್ತದೆ. ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಬೇಕು. ಮಳೆಗಾಲದಲ್ಲಿ ಆ ಹೊತ್ತು ಇನ್ನೂ ಉದ್ದ.

ಕಾಕಾ ಮಾಡುವ ಒಳ್ಳೆಯ ಕೆಲಸಗಳಲ್ಲಿ ಹೆಚ್ಚಿನವು ನಡೆಯುವುದು ಈ ಹೊತ್ತಿನಲ್ಲೇ. ಹುಡುಗ ಮೊಬೈಲು ನೋಡುತ್ತಾ ನಿಂತಿದ್ದ. ಅವರು ಮೊದಲು ಟೈರಿನ ಒಳಮೈಗೆ ಬೆರಳು ಹಾಕಿ ಸುತ್ತಲೂ ಮೆಲ್ಲಗೆ ಸವರಿದರು. ಬಳ್ಳಾರಿ ಜಾಲಿಯ ಮುರಿದ ಮುಳ್ಳೊಂದು ಅಲ್ಲೇ ಕೂತಿತ್ತು. ಅದನ್ನು ತೆಗೆಯದೆ ಟ್ಯೂಬು ಹಾಕಿದ್ದರೆ ನಾಲ್ಕು ಹೆಜ್ಜೆ ಹೋಗುವುದರೊಳಗೆ ಮತ್ತೆ ಪಂಕ್ಚರ್. ಆಮೇಲೆ ಕೈ ಪೆಡಲಿಗೆ ಹೋಯಿತು. ಹಿಡಿದು ಅಲುಗಿಸಿದರೆ ಕಟಕಟ ಎಂದಿತು. ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ ಸಡಿಲಾಗಿತ್ತು. ಅದು ಸವೆದು ಜಾರಿದರೆ ಏರು ರಸ್ತೆಯಲ್ಲಿ ಎದ್ದು ನಿಂತು ತುಳಿಯುವಾಗ ಕಾಲು ಗಕ್ಕನೆ ಕೆಳಗೆ ಹೋಗಿ ಸವಾರ ಮುಗ್ಗರಿಸುತ್ತಾನೆ. ಸುತ್ತಿಗೆಯಿಂದ ಹದವಾಗಿ ಎರಡು ಏಟು ಕೊಟ್ಟು ನಟ್ಟು ಬಿಗಿದರು. ಕೊನೆಗೆ ಬ್ರೇಕ್. ರಬ್ಬರು ಸವೆದು ಕಬ್ಬಿಣ ಕಾಣಿಸುತ್ತಿತ್ತು.

“ಯಾಕೋ ತಮ್ಮಾ, ಹಿಂಗ ಹೊಡೀತೀಯೇನು? ಮಳಿಯಾಗ ಬ್ರೇಕ್ ಮೊದಲ ಹಿಡಿಯಂಗಿಲ್ಲ. ಇದಂತೂ ಹೋಗೇ ಬಿಟ್ಟೈತಿ.”

“ತಿಂಗಳಾದ ಮ್ಯಾಲೆ ಹಾಕಸ್ತೇನ್ರಿ ಕಾಕಾ.”

“ರೊಕ್ಕ ತಿಂಗಳಾದ ಮ್ಯಾಲೆ ಕೊಡು. ಬ್ರೇಕ್ ಇವತ್ತ ಹಾಕಸ್ಕೋ.”

ಸ್ಟೀಲಿನ ರಿಮ್ಮು ಒದ್ದೆಯಾದರೆ ಹೊಸ ರಬ್ಬರು ಕೂಡ ಒಣ ಬಿಸಿಲಿನಲ್ಲಿ ಹಿಡಿದಂತೆ ಹಿಡಿಯುವುದಿಲ್ಲ. ಸೈಕಲ್ ನಿಲ್ಲಲು ಎಷ್ಟೋ ಹೆಚ್ಚು ದೂರ ಬೇಕಾಗುತ್ತದೆ. ಇಳಿಜಾರು ರಸ್ತೆಗಳ ಧಾರವಾಡದಲ್ಲಿ ಸವೆದ ಬ್ರೇಕಿನೊಡನೆ ಮಳೆಯಲ್ಲಿ ಇಳಿಯುವುದು ಪ್ರಾಣಕ್ಕೇ ಅಪಾಯ. ಆ ಹುಡುಗ ಕೇಳಿಕೊಂಡು ಬಂದದ್ದು ಪಂಕ್ಚರಿಗೆ. ಹಿಂತಿರುಗುವಾಗ ಮುಳ್ಳು, ಪಿನ್ನು, ಬ್ರೇಕು ಮೂರರ ಅಪಾಯವೂ ಕಳೆದಿತ್ತು. ನಡೆಯದೆ ಹೋದ ಅಪಘಾತ ಯಾವ ಪತ್ರಿಕೆಯಲ್ಲೂ ಸುದ್ದಿಯಾಗುವುದಿಲ್ಲ. ಹೀಗಾಗಿ ಅದನ್ನು ತಪ್ಪಿಸಿದವರ ಹೆಸರೂ ಎಲ್ಲಿಯೂ ಬರುವುದಿಲ್ಲ.

ಗುರುವಾರ: ಒಂದು ದಿನದ ಕೂಲಿ

2011ರ ಜನಗಣತಿಯ ಪ್ರಕಾರ ದೇಶದ ಶೇ 45ರಷ್ಟು ಮನೆಗಳಲ್ಲಿ ಸೈಕಲ್ ಇತ್ತು. ಅಷ್ಟೊಂದು ಮನೆಗಳಲ್ಲಿ ಅದು ಹವ್ಯಾಸಕ್ಕೋ ವ್ಯಾಯಾಮಕ್ಕೋ ಇಟ್ಟುಕೊಂಡದ್ದಲ್ಲ, ದುಡಿಮೆಯ ಸಾಧನ. ಬೆಳಗಿನ ಜಾವ ಪೇಪರ್ ಹಾಕುವ ಹುಡುಗ, ಕ್ಯಾನು ಕಟ್ಟಿಕೊಂಡು ಹಾಲು ಕೊಡುವವ, ಗೌಂಡಿ ಕೆಲಸಕ್ಕೆ ಊಟದ ಡಬ್ಬಿ ನೇತುಹಾಕಿಕೊಂಡು ಹೋಗುವವ, ಇವರೆಲ್ಲರಿಗೂ ಗಾಲಿ ನಿಂತರೆ ಆ ದಿನದ ಗಳಿಕೆ ನಿಂತಂತೆ. ಅವರಿಗಾಗಿಯೇ ಅಂಗಡಿ ಬೆಳಕು ಹರಿಯುತ್ತಲೇ ತೆರೆಯುತ್ತದೆ. ಪೇಪರಿನ ಹುಡುಗರ ಸೈಕಲ್ಲಿಗೆ ಸರದಿಯಿಲ್ಲ, ಬಂದ ಕೂಡಲೇ ಕೆಲಸ.

ಗುರುವಾರ ಬಂದದ್ದು ಚಾಕು, ಕತ್ತರಿಗೆ ಸಾಣೆ ಹಿಡಿಯುವ ಒಬ್ಬರು. ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಸಾಣೆಕಲ್ಲು ಇದೆ. ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ನೆಲ ಬಿಟ್ಟು ನಿಂತ ಮೇಲೆ ಅವರು ಸೀಟಿನ ಮೇಲೆ ಹಿಂದುಮುಂದಾಗಿ ಕೂತು ಪೆಡಲ್ ತುಳಿದರೆ ಕಲ್ಲು ತಿರುಗುತ್ತದೆ. ಅಂದರೆ ಊರು ಸುತ್ತುವುದೂ ಅದೇ ಸೈಕಲ್ಲಿನಿಂದ, ದುಡಿಯುವುದೂ ಅದೇ ಸೈಕಲ್ಲಿನಿಂದ. ಫ್ರೀವೀಲ್ ಹಲ್ಲು ಹಿಡಿಯದೆ ಪೆಡಲು ಎರಡೂ ಕಡೆ ಸುಮ್ಮನೆ ತಿರುಗುತ್ತಿತ್ತು. ಹೊಸ ಫ್ರೀವೀಲ್ ಹಾಕಿಸುವಷ್ಟು ದುಡ್ಡು ಜೇಬಿನಲ್ಲಿರಲಿಲ್ಲ.

ಕಾಕಾ ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು. ಒಳಗಿನ ಪುಟ್ಟ ಸ್ಪ್ರಿಂಗು ತುಂಡಾಗಿತ್ತು. ಹಳೆಯ ಸಾಮಾನಿನ ಡಬ್ಬಿಯಲ್ಲಿ ಹುಡುಕಿ ಹುಡುಕಿ ಅಂಥದೇ ಒಂದನ್ನು ತೆಗೆದು ಕೂಡಿಸಿ, ಉದುರಿದ ಗುಂಡುಗಳನ್ನು ಒಂದೊಂದಾಗಿ ಗ್ರೀಸಿನಲ್ಲಿ ಜೋಡಿಸಿ, ಮತ್ತೆ ಮುಚ್ಚಿದರು. ಹೊಸದನ್ನೇ ಹಾಕುವುದಕ್ಕಿಂತ ಇದಕ್ಕೆ ಎಷ್ಟೋ ಹೆಚ್ಚು ಹೊತ್ತು ಹಿಡಿಯುತ್ತದೆ, ಅಂಗಡಿಗೆ ಸಿಗುವ ಲಾಭವೂ ಇಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಸಾಣೆಯವರು ಓಣಿಯಲ್ಲಿ ಕೂಗುತ್ತಾ ಹೋಗಿದ್ದರು. ಅರ್ಧ ದಿನದ ಗಳಿಕೆಯಾದರೂ ಕೈಗೆ ಬಂತು. ಸಂಜೆ ವಾಪಸು ಬರುವಾಗ ಅಂಗಡಿಯ ಕತ್ತರಿಗೆ ಸಾಣೆ ಹಿಡಿದುಕೊಟ್ಟು ಹೋದರು. ಲೆಕ್ಕ ಇಬ್ಬರಿಗೂ ಚುಕ್ತಾ ಆಯಿತು.

ಶುಕ್ರವಾರ: ಗಾಲಿಗೆ ಸಿಕ್ಕ ಪಾದ

ಶುಕ್ರವಾರ ಒಬ್ಬ ತಂದೆ ನಾಲ್ಕೈದು ವರ್ಷದ ಮಗಳನ್ನು ಹಿಂದೆ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಗಾಳಿ ಹೊಡೆಯಲು ನಿಂತರು. ಮಗುವಿನ ಕಾಲು ಎರಡೂ ಕಡೆ ಜೋತಾಡುತ್ತಿತ್ತು. ಕಾಕಾ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದರು. ಹಿಂದಿನ ಗಾಲಿಗೆ ಎರಡೂ ಬದಿ ಜಾಳಿಗೆ ಕಟ್ಟಿ, ಮಗು ಕಾಲಿಡಲು ಸಣ್ಣ ಫುಟ್‌ರೆಸ್ಟ್ ಕೂಡಿಸುವ ತನಕ ಅವರನ್ನು ಹೊರಡಲು ಬಿಡಲಿಲ್ಲ. ಅಷ್ಟೊಂದು ಹಟ ಯಾಕೆ ಎಂದು ಆಮೇಲೆ ಕೇಳಿದಾಗ ಹಿಂದೆ ನಡೆದದ್ದೊಂದನ್ನು ಹೇಳಿದರು.

ಅಂಗಡಿಯ ಮುಂದೆಯೇ ಒಂದು ಮಗುವಿನ ಹಿಮ್ಮಡಿ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತ್ತು. ಮಗು ಚೀರುತ್ತಿತ್ತು. ಗಾಬರಿಯಾದ ತಂದೆ ಕಾಲನ್ನು ಎಳೆಯಲು ಹೋಗಿದ್ದರು. ಕಾಕಾ ಓಡಿಬಂದು ಮೊದಲು ಗಾಲಿಯನ್ನು ಅಲುಗದಂತೆ ಹಿಡಿದರು, ಎಳೆಯಬೇಡಿ ಎಂದು ಕೂಗಿದರು. ಕಟಿಂಗ್ ಪ್ಲೇಯರ್ ತರಿಸಿ ಪಾದದ ಎರಡೂ ಬದಿಯ ಕಡ್ಡಿಗಳನ್ನು ಕತ್ತರಿಸಿ, ಬಗ್ಗಿಸಿ, ಕಾಲನ್ನು ಮೆಲ್ಲಗೆ ಬಿಡಿಸಿದರು. ಒಗೆದ ಬಟ್ಟೆಯನ್ನು ಗಾಯಕ್ಕೆ ಒತ್ತಿ ಹಿಡಿದು ಆಟೊದಲ್ಲಿ ತಾವೂ ಕೂತು ಆಸ್ಪತ್ರೆಗೆ ಹೋದರು. “ಕಡ್ಡಿ ನಲವತ್ತು ಇರ್ತಾವ್ರಿ, ಮತ್ತ ಹಾಕಬಹುದು. ಕಾಲು ಎಲ್ಲಿಂದ ತರೋದು?” ಎಂದರು.

ಕರಿ ಸೈಕಲ್ಲಿನ ಹಿಂದಿನ ಗಾಲಿಗೆ ಸಾಮಾನ್ಯವಾಗಿ 40, ಮುಂದಿನದಕ್ಕೆ 32 ಕಡ್ಡಿಗಳು. ತಿರುಗುವ ಕಡ್ಡಿಗೂ ಫ್ರೇಮಿಗೂ ನಡುವೆ ಪಾದ ಸಿಕ್ಕರೆ ಕೊಯ್ದ ಗಾಯದ ಜೊತೆಗೆ ಒಳಗಿನ ಮಾಂಸವೂ ಜಜ್ಜುತ್ತದೆ. ಮೊದಲ ದಿನ ಚಿಕ್ಕದಾಗಿ ಕಾಣುವ ಗಾಯದ ಮೇಲಿನ ಚರ್ಮ ಕೆಲವು ದಿನಗಳಲ್ಲಿ ಕಪ್ಪಾಗಿ ಸಾಯಬಹುದು. ಮೂಳೆಯೂ ಮುರಿದಿರಬಹುದು. ಅದಕ್ಕೇ ಅರಿಸಿನವೋ ಕಾಫಿಪುಡಿಯೋ ಮೆತ್ತಿ ಮನೆಯಲ್ಲಿ ಇಟ್ಟುಕೊಳ್ಳದೆ ವೈದ್ಯರಿಗೆ ತೋರಿಸಲೇಬೇಕು. ಮೋಟರ್ ಸೈಕಲ್ಲಿನ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆಯಾಗದಷ್ಟು ಭಾಗ ಮುಚ್ಚುವ ರಕ್ಷಣೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ನಾವು ಸೀರೆ ಗಾರ್ಡ್ ಎನ್ನುವುದು ಅದನ್ನೇ. ಸೈಕಲ್ಲಿಗೆ ಆ ನಿಯಮ ಅನ್ವಯಿಸುವುದಿಲ್ಲ. ಮಗುವಿನ ಕಾಲಿಗೆ ಅಲ್ಲಿ ರಕ್ಷಣೆ ಸಿಗುವುದು ಯಾರಾದರೂ ನೋಡಿ ತಡೆದರೆ ಮಾತ್ರ.

ರಸ್ತೆಯ ತಿರುವಿನ ಅಂಗಡಿಗಳವರು ಅಪಘಾತದ ಜಾಗಕ್ಕೆ ಎಲ್ಲರಿಗಿಂತ ಮೊದಲು ತಲುಪುತ್ತಾರೆ. ಬಿದ್ದ ಬೈಕನ್ನು ಎತ್ತುವವರು, ಗಾಯಾಳುವಿಗೆ ನೆರಳು ಮಾಡುವವರು, 108ಕ್ಕೆ ಫೋನ್ ಮಾಡುವವರು ಅವರೇ. ಮುಂದೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಅಂಜಿಕೆ ಹಿಂದೆ ಬಹಳ ಜನರನ್ನು ಹಿಂದೆಗೆಯುವಂತೆ ಮಾಡುತ್ತಿತ್ತು. ಈಗ ಕಾನೂನು ಅವರ ಬೆನ್ನಿಗಿದೆ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ನೆರವಿಗೆ ಬಂದವರನ್ನು ರಕ್ಷಿಸುವ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಕೊಡಬೇಕೆಂದು ಒತ್ತಾಯಿಸುವಂತಿಲ್ಲ. ಅದೇ 2016ರಲ್ಲಿ ಹರೀಶ್ ನಂಜಪ್ಪ ಎಂಬ ಯುವಕ ನೆಲಮಂಗಲದ ಬಳಿ ಅಪಘಾತದಲ್ಲಿ ಸಾಯುವ ಗಳಿಗೆಯಲ್ಲೂ ಅಂಗಾಂಗ ದಾನ ಮಾಡಿ ಎಂದು ಕೇಳಿಕೊಂಡಿದ್ದರು. ಗಾಯಾಳುಗಳಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ ₹25,000ದವರೆಗೆ ನೆರವು ಕೊಡುವ ಯೋಜನೆಗೆ ಕರ್ನಾಟಕ ಸರ್ಕಾರ ಅವರ ಹೆಸರನ್ನೇ ಇಟ್ಟಿತು. ಇಷ್ಟೂ ವಿಷಯವನ್ನು ಪ್ರತಿ ಗ್ಯಾರೇಜು, ಪಂಕ್ಚರ್ ಅಂಗಡಿ, ಚಹಾದಂಗಡಿಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆಸಬೇಕು. ಓದಬೇಕಾದವರು ನಿಂತಿರುವುದು ಅಲ್ಲೇ.

ಶನಿವಾರ: ಸಾಮಾನಿಗೆ ದುಡ್ಡು, ಕೈಗೆ ಬೇಡ

ಅಂಗಡಿಯ ಹಿಂದೆ ಸೈಕಲ್ಲಿನ ಬಿಡಿಭಾಗಗಳ ಒಂದು ರಾಶಿಯಿದೆ. ಶನಿವಾರ ಸಂಜೆ ಕಾಕಾ ಆ ರಾಶಿಯ ಮುಂದೆ ಕೂರುತ್ತಾರೆ. ಕರಿ ಸೈಕಲ್ಲಿನ ದೊಡ್ಡ ಗುಣವೆಂದರೆ ಒಂದರದು ಇನ್ನೊಂದಕ್ಕೆ ಒಗ್ಗುವುದು. ಲೂಧಿಯಾನದ ಹೀರೋ ಆಗಲಿ, ಮದರಾಸಿನ ಬಿಎಸ್‌ಎ ಆಗಲಿ, ಚೈನಿನ ಕೊಂಡಿಯ ಅಳತೆ ಎಲ್ಲದಕ್ಕೂ ಅರ್ಧ ಇಂಚು. ಗಾಲಿ 28 ಇಂಚಿನದಾದರೆ ಟೈರಿಗೆ ತೊಂದರೆಯಿಲ್ಲ. 1951ರಲ್ಲಿ ಸೋನೆಪತ್‌ನಲ್ಲಿ ಹುಟ್ಟಿದ ಅಟ್ಲಾಸ್ ಕಂಪನಿ 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ತನ್ನ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿತು. ಅದರ ಫ್ರೇಮುಗಳು ಮಾತ್ರ ಬೇರೆ ಕಂಪನಿಯ ಗಾಲಿ, ಬೇರೆ ಕಂಪನಿಯ ಹ್ಯಾಂಡಲು ತೊಟ್ಟು ಧಾರವಾಡದಲ್ಲಿ ಇನ್ನೂ ಓಡುತ್ತಿವೆ. ಹೀಗೆ ನಾಲ್ಕು ಸೈಕಲ್ಲುಗಳ ಅವಶೇಷದಿಂದ ಒಂದು ಗಟ್ಟಿ ಸೈಕಲ್ ಎದ್ದು ನಿಲ್ಲುತ್ತದೆ. ಅದನ್ನು ಪೂರ್ತಿ ಓವರಾಯಿಲಿಂಗ್ ಮಾಡಿ ಹೊಸದಾಗಿ ಊರಿಗೆ ಬಂದ ಯಾವನೋ ಬಡ ಹುಡುಗನಿಗೆ ಕೊಡುತ್ತಾರೆ.

ರಾಶಿಗೆ ಸಾಮಾನು ಬರುವ ದಾರಿಯೂ ಚೆನ್ನಾಗಿದೆ. ನೌಕರಿ ಸಿಕ್ಕಿ ಧಾರವಾಡ ಬಿಡುವ ಹುಡುಗರು ಹೋಗುವ ಮುಂಚೆ ಅಂಗಡಿಗೆ ಬಂದು, “ಯಾರಿಗರೆ ಕೊಡ್ರಿ ಕಾಕಾ” ಎಂದು ಸೈಕಲ್ ಒಪ್ಪಿಸುತ್ತಾರೆ. ಹಿಂದೆ ಇಲ್ಲಿಂದಲೇ ಸೈಕಲ್ ಪಡೆದ ಒಬ್ಬ ಈಗ ಪೊಲೀಸ್ ಇಲಾಖೆಯಲ್ಲಿದ್ದಾನಂತೆ. ಊರಿಗೆ ಬಂದಾಗಲೆಲ್ಲ ಒಂದು ಜೊತೆ ಹೊಸ ಟೈರು ಕೊಂಡುತಂದು ಇಟ್ಟು ಹೋಗುತ್ತಾನೆ.

ಆದರೆ ಈ ಸೈಕಲ್ಲುಗಳನ್ನು ಕಾಕಾ ಪೂರ್ತಿ ಪುಕ್ಕಟೆ ಕೊಡುವುದಿಲ್ಲ. ಹೊಸದಾಗಿ ಹಾಕಿದ ಸಾಮಾನಿನ ದುಡ್ಡು ತೆಗೆದುಕೊಳ್ಳುತ್ತಾರೆ, ಕೈಕೆಲಸದ ದುಡ್ಡು ಬಿಡುತ್ತಾರೆ. ಇದಕ್ಕೆ ಅವರು ಕೊಟ್ಟ ಕಾರಣ ನನ್ನ ಮನಸ್ಸಿನಲ್ಲಿ ನಿಂತಿದೆ. “ಪುಕ್ಕಟ ಮಾಡಿದ್ರ ಆ ಹುಡುಗ ಮತ್ತ ಬರಂಗಿಲ್ರಿ, ನಾಚಿಕಿ ಆಕ್ಕೈತಿ. ಇಪ್ಪತ್ತು ರೂಪಾಯಿ ತಗೊಂಡ್ರ ನಾಳೆ ಬ್ರೇಕ್ ಕೆಟ್ಟಾಗ ಧೈರ್ಯಾದಿಂದ ಬರ್ತಾನ.” ಉಪಕಾರ ಪಡೆದವನ ತಲೆ ತಗ್ಗಬಾರದು, ಅವನು ಗಿರಾಕಿಯಾಗಿಯೇ ಅಂಗಡಿಗೆ ಬಂದು ಗಿರಾಕಿಯಾಗಿಯೇ ಹೋಗಬೇಕು. ನೆರವು ಕೊಡುವವರು ಕಲಿಯಬೇಕಾದ ಪಾಠ ಇದಕ್ಕಿಂತ ದೊಡ್ಡದು ಯಾವುದೂ ನನಗೆ ತೋಚುವುದಿಲ್ಲ. ನಮ್ಮ ಎಷ್ಟೋ ದಾನಗಳಲ್ಲಿ ಕೊಟ್ಟವರ ಹೆಸರಿನ ಫಲಕ ಇರುತ್ತದೆ, ಪಡೆದವರ ಫೋಟೊ ಇರುತ್ತದೆ. ಇಲ್ಲಿ ಎರಡೂ ಇಲ್ಲದೆ ಕೆಲಸ ನಡೆಯುತ್ತದೆ.

ಭಾನುವಾರ: ಗೇಟು ಮುಚ್ಚುವ ಮುನ್ನ

ಭಾನುವಾರ ಅಂಗಡಿ ಅರ್ಧ ದಿನ. ನೇಮಕಾತಿ ಪರೀಕ್ಷೆ ಇದ್ದರೆ ಮಾತ್ರ ಇಡೀ ದಿನ. ಪರೀಕ್ಷಾ ಕೇಂದ್ರದೊಳಗೆ ಮೊಬೈಲು ಬಿಡುವುದಿಲ್ಲ, ವಾಚು ಬಿಡುವುದಿಲ್ಲ. ಪರ ಊರಿನಿಂದ ರಾತ್ರಿ ಬಸ್ಸಿಗೆ ಬಂದಿಳಿದ ಹುಡುಗರಿಗೆ ಬ್ಯಾಗು ಇಡಲು ಪರಿಚಯದವರು ಇರುವುದಿಲ್ಲ. ಕಾಕಾ ಒಂದು ಖಾಲಿ ಪೆಟ್ಟಿಗೆ ಇಟ್ಟು, ಮೊಬೈಲಿಗೆ ಹೆಸರಿನ ಚೀಟಿ ಸುತ್ತಿ ರಬ್ಬರು ಹಾಕಿ ಇಟ್ಟುಕೊಳ್ಳುತ್ತಾರೆ. ಆ ರಬ್ಬರು ಹಳೆಯ ಟ್ಯೂಬಿನಿಂದ ಕತ್ತರಿಸಿದ್ದು.

ಆ ಭಾನುವಾರವೂ ಪರೀಕ್ಷೆಯಿತ್ತು. ಗೇಟು ಮುಚ್ಚಲು ಹೊತ್ತಾಗುತ್ತಾ ಬಂದಿತ್ತು. ಒಬ್ಬ ಹುಡುಗ ತುಂಡಾದ ಚೈನು ಕೈಯಲ್ಲಿ ಹಿಡಿದು, ಸೈಕಲ್ ತಳ್ಳುತ್ತಾ ಓಡಿಬಂದ. ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿ. ಚೈನು ಕೂಡಿಸಲು ಪಿನ್ನು ಹೊಡೆದು ಕೆಟ್ಟ ಕೊಂಡಿ ತೆಗೆದು ಮತ್ತೆ ಜೋಡಿಸಬೇಕು. ಅಷ್ಟು ಸಮಯವಿರಲಿಲ್ಲ. ಕಾಕಾ ಗೋಡೆಗೆ ಆನಿಸಿದ್ದ ತಮ್ಮ ಸೈಕಲ್ಲಿನ ಬೀಗ ತೆಗೆದು ಹ್ಯಾಂಡಲನ್ನು ಅವನ ಕೈಗೆ ಕೊಟ್ಟರು.

“ಇದನ್ನ ತಗೊಂಡು ಹೋಗು. ಹಾಲ್ ಟಿಕೆಟ್ ಐತಿಲ್ಲೋ ನೋಡ್ಕೋ ಮೊದಲ.”

ಹುಡುಗ ಅಂಗಿಯ ಜೇಬು ಮುಟ್ಟಿ ನೋಡಿಕೊಂಡು ಹತ್ತಿ ಹೊರಟ. ಅವನ ಹೆಸರು ಕೇಳಲಿಲ್ಲ, ಫೋನ್ ನಂಬರು ಬರೆದುಕೊಳ್ಳಲಿಲ್ಲ. ಅವನು ಪರೀಕ್ಷೆ ಬರೆಯುವ ಹೊತ್ತಿನಲ್ಲಿ ಅವನ ಚೈನು ಕೂಡಿತು, ಎಣ್ಣೆ ಬಿತ್ತು, ಹಿಂದಿನ ಗಾಲಿಯ ಬೆಂಡೂ ಹೋಯಿತು. ಮಧ್ಯಾಹ್ನ ಅವನು ವಾಪಸು ಬಂದಾಗ ಕಾಕಾ ಮೊದಲು ಕೇಳಿದ್ದು ಪೇಪರ್ ಹೇಗಿತ್ತು ಎಂದು.

ನಮ್ಮ ಪಾಲಿನ ಕೆಲಸ

ಶಿಕ್ಷಣ, ಸಾರಿಗೆ, ಆರೋಗ್ಯ, ಉದ್ಯೋಗ ಎಂದು ಸರ್ಕಾರ ಬೇರೆ ಬೇರೆ ಇಲಾಖೆಗಳಲ್ಲಿ ಹಂಚಿಟ್ಟ ವಿಷಯಗಳೆಲ್ಲ ಈ ಅಂಗಡಿಗೆ ಒಂದೇ ವಾರದಲ್ಲಿ ಬಂದು ಹೋಗುತ್ತವೆ. ಆದರೂ ಊರಿನ ಯಾವ ನಕ್ಷೆಯಲ್ಲೂ ಇದಕ್ಕೆ ಜಾಗವಿಲ್ಲ. ರಸ್ತೆ ಅಗಲ ಮಾಡುವಾಗ ಮೊದಲು ಏಳುವುದು ಇಂಥ ತಗಡಿನ ಮಾಡುಗಳು. ಸೈಕಲ್ಲುಗಳು ಈಗ ಆನ್‌ಲೈನಿನಲ್ಲಿ ಡಬ್ಬಿಯೊಳಗೆ ಬರುತ್ತವೆ. ಕೆಟ್ಟಾಗ ಬರುವುದು ಮಾತ್ರ ತಿರುವಿನ ಅಂಗಡಿಗೇ. ಗ್ರೀಸಿನ ಕೈಯ ಈ ಕಸುಬಿಗೆ ಹೊಸ ಹುಡುಗರು ಬರುತ್ತಿಲ್ಲ. ಕಾಕಾನ ಕೈಕೆಳಗೆ ಈಗ ಕಲಿಯುವವರು ಯಾರೂ ಇಲ್ಲ.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ತರಕಾರಿ, ಹಣ್ಣು ಮಾರುವವರ ಜೊತೆಗೆ ಬೀದಿಯಲ್ಲಿ ಕೂತು ಸೇವೆ ಒದಗಿಸುವವರನ್ನೂ ವ್ಯಾಪಾರಿಗಳೆಂದೇ ಪರಿಗಣಿಸುತ್ತದೆ. ಮರದ ಕೆಳಗೆ ಬಾನಿ ಇಟ್ಟುಕೊಂಡು ಪಂಕ್ಚರ್ ಹಾಕುವವರಿಗೂ ಆ ರಕ್ಷಣೆ ಸಲ್ಲಬೇಕು. ಹೊಸ ಬಡಾವಣೆ, ಬಸ್ ನಿಲ್ದಾಣ, ಕಾಲೇಜುಗಳ ಬಳಿ ಒಬ್ಬ ಸೈಕಲ್ ರಿಪೇರಿಯವರಿಗೆ ಕೂರಲು ಜಾಗ ಬಿಡುವುದು ಪಾಲಿಕೆಗಳಿಗೆ ಕಷ್ಟದ ಕೆಲಸವಲ್ಲ.

ನಾವು ಮಾಡಬಹುದಾದದ್ದೂ ಇದೆ. ಪಂಕ್ಚರಿನ ಕೂಲಿಗೆ ಚೌಕಾಸಿ ಬಿಡೋಣ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮಕ್ಕಳು ದೊಡ್ಡವರಾದ ಮೇಲೆ ತುಕ್ಕು ಹಿಡಿಯುತ್ತಿರುವ ಸೈಕಲ್ಲುಗಳನ್ನು ಗುಜರಿಗೆ ಹಾಕದೆ ಹತ್ತಿರದ ಅಂಗಡಿಗೆ ಕೊಡೋಣ. ಎಲ್ಲಕ್ಕಿಂತ ಮುಖ್ಯವಾಗಿ, ಶಾಲೆ ಶುರುವಾಗುವ ಜೂನ್ ತಿಂಗಳಿನಲ್ಲಿ ಪ್ರತಿ ಹೈಸ್ಕೂಲಿನವರು ಊರಿನ ಸೈಕಲ್ ರಿಪೇರಿಯವರನ್ನು ಒಂದು ದಿನ ಕರೆಸಿ, ತಕ್ಕ ಕೂಲಿ ಕೊಟ್ಟು, ಮಕ್ಕಳ ಎಲ್ಲ ಸೈಕಲ್ಲುಗಳ ಬ್ರೇಕು, ಚೈನು, ಕಾಟರ್ ಪಿನ್ನು ನೋಡಿಸಬೇಕು. ವಾಲ್ ಟ್ಯೂಬ್ ಬದಲಿಸುವುದನ್ನು, ಚೈನು ಏರಿಸುವುದನ್ನು ಅವರಿಂದಲೇ ಮಕ್ಕಳಿಗೆ ಕಲಿಸಬೇಕು. ಮಳೆ ಹಿಡಿಯುವ ಮುಂಚೆ ಇಷ್ಟು ಆದರೆ ಎಷ್ಟೋ ಮಕ್ಕಳು ಬೀಳುವುದು ತಪ್ಪುತ್ತದೆ, ತಮ್ಮ ಸೈಕಲ್ಲನ್ನು ತಾವೇ ನೋಡಿಕೊಳ್ಳುವ ಧೈರ್ಯವೂ ಅವರಿಗೆ ಬರುತ್ತದೆ. ಬರುವ ಜೂನ್‌ನಲ್ಲಿ ನಿಮ್ಮೂರಿನ ಶಾಲೆಯಲ್ಲಿ ಅಂಥದೊಂದು ದಿನ ನಡೆಯಲಿ. ಕರೆದರೆ ಪಾನಾ ಹಿಡಿದು ಬರುವಂಥ ಕಾಕಾಗಳು ನಿಮ್ಮೂರಿನಲ್ಲೂ ಇದ್ದಾರೆ.